ಕಾರಿಗೆ ಹಿಡಿದ ಊದುಬತ್ತಿ

ನಮ್ಮ ಮಾವನವರು ಬಿಟ್ಟುಹೋದ ಕಾರಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ದುಂಡು ಬೆನ್ನು, ಸೋಫಾದಂಥ ಸೀಟು, ಅಗಲವಾದ ಬಾಗಿಲು. ಆ ಬಾಗಿಲಿದ್ದುದರಿಂದಲೇ ನಮ್ಮತ್ತೆ ಮನೆಯಿಂದ ಹೊರಗೆ ಹೋಗುತ್ತಿದ್ದುದು. ಮಂಡಿ ನೋವಿನಿಂದ ಅವರಿಗೆ ಆಟೋ ಹತ್ತಲು ಕಾಲೆತ್ತುವುದಕ್ಕೆ ಆಗುತ್ತಿರಲಿಲ್ಲ. ಪಕ್ಕದ ಮನೆಯವರ ಹೊಸ ಕಾರಿನೊಳಗೆ ಅಷ್ಟು ಬಗ್ಗುವುದಕ್ಕೂ ಆಗುತ್ತಿರಲಿಲ್ಲ. ಈ ಕಾರಿನಲ್ಲಾದರೆ ಮೊದಲು ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದರು. ಶನಿವಾರ ಪೆರುಮಾಳ್ ಗುಡಿಗೆ ಹೋಗಿಬಂದರೆ ವಾರವಿಡೀ ಗೆಲುವಾಗಿರುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಆ ಕಾರು ಟಕ್ ಟಕ್ ಎನ್ನಲು ಶುರುಮಾಡಿತು. ಬೆಳಿಗ್ಗೆ ನಾನು ತುಳಸಿಗೆ ಪ್ರದಕ್ಷಿಣೆ ಹಾಕುವ ಹೊತ್ತಿಗೆ ಯಜಮಾನರು ಸ್ಟಾರ್ಟ್ ಮಾಡುವರು. ಯಾರೋ ಚಮಚದಿಂದ ತಟ್ಟೆ ಬಡಿದ ಹಾಗೆ ಸದ್ದು. ಕೀಲ್ಪಾಕ್‌ನ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಕೋಡಂಬಾಕ್ಕಂನ ಮೆಕ್ಯಾನಿಕ್ ಹತ್ತಿರ ಒಯ್ದರೆ, ಅಲ್ಲಿ ಮಾತ್ರ ಸಾಧುವಾಗಿ ನಿಲ್ಲುತ್ತಿತ್ತು. ಎಂಜಿನ್ನಿನ ಮೇಲ್ಭಾಗದ ಟ್ಯಾಪೆಟ್ ಸಡಿಲವಾಗಿರಬಹುದೆಂದು ಅವರು ಎರಡು ಸಲ ಬಿಗಿ ಮಾಡಿಕೊಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಟಕ್ ಟಕ್. ಮೂರನೆಯ ಸಲ, "ಒಳಗೆ ಬೇರಿಂಗ್ ಹೋಗಿರಬೇಕು ಸಾರ್. ಬಿಚ್ಚಿದರೆ ಮತ್ತೆ ಹಾಕೋಕೆ ಸಾಮಾನು ಸಿಗಲ್ಲ" ಎಂದು ಕೈಚೆಲ್ಲಿದರು.

ಯಜಮಾನರು ಗುಜರಿಯವನಿಗೆ ಮಾತು ಕೊಟ್ಟು ಬಂದರು. ವಿಜಯದಶಮಿಯ ಬೆಳಿಗ್ಗೆ ಹತ್ತಕ್ಕೆ ಅವನು ಬಂದು ಎಳೆದುಕೊಂಡು ಹೋಗುವುದು. ಅತ್ತೆ ಬೇಡವೆನ್ನಲಿಲ್ಲ. ಹಬ್ಬಕ್ಕೆ ಮುಂಚಿನ ಶನಿವಾರ ಗುಡಿಯಲ್ಲಿ ಕಂಬಕ್ಕೊರಗಿ ಬಹಳ ಹೊತ್ತು ನಿಂತರು. ಬರುವಾಗ, "ಪೆರುಮಾಳ್‌ಗೆ ಹೇಳ್ಬಿಟ್ಟು ಬಂದೆ ಕಣೇ, ಇನ್ಮೇಲೆ ನೀನೇ ಮನೇಗೆ ಬಾಪ್ಪಾ ಅಂತ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಯುಧಪೂಜೆಯ ದಿನ ಕಾರು ತೊಳೆದು, ಬಾನೆಟ್ ಎತ್ತಿ ಎಂಜಿನ್ನಿಗೂ ಗಂಧ ಕುಂಕುಮ ಇಟ್ಟೆ. ನಾಲ್ಕು ಚಕ್ರಗಳ ಮುಂದೆ ನಿಂಬೆಹಣ್ಣು. ಊದುಬತ್ತಿ ಬೆಳಗಿ, ಬಾನೆಟ್ ಮುಚ್ಚಿ, ಆಮೇಲೆ ಸ್ಟಾರ್ಟ್ ಮಾಡುವುದು ನಮ್ಮ ಮನೆಯ ಕ್ರಮ. ಆ ದಿನ ಮನಸ್ಸೆಲ್ಲಿತ್ತೋ, ಊದುಬತ್ತಿಯನ್ನೇ ಮರೆತೆ. ಬಾನೆಟ್ ತೆರೆದಿರುವಾಗಲೇ ಯಜಮಾನರು ಸ್ಟಾರ್ಟ್ ಮಾಡಿಬಿಟ್ಟರು.

"ಏನೇ, ಎಂಜಿನ್‌ಗೆ ಊದುಬತ್ತಿ ಕಾಣಿಸ್ಲೇ ಇಲ್ವಲ್ಲೇ! ಕಳಿಸ್ಕೊಡೋವಾಗ್ಲೂ ಹೀಗಾ?" ಅತ್ತೆ ಜಗಲಿಯಿಂದ ಕೂಗಿದರು.

ಓಡಿಹೋಗಿ ಎರಡು ಕಡ್ಡಿ ಹಚ್ಚಿಕೊಂಡು ಬಂದೆ. ಟಕ್ ಟಕ್ ನಡೆದೇ ಇತ್ತು. ಬೆಳಗುತ್ತಿದ್ದಾಗ ಒಂದು ಕಡೆ ಹೊಗೆ ನೆಟ್ಟಗೆ ಏಳದೆ ಬೆಚ್ಚಿದ ಹಾಗೆ ಹಾರಿತು. ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವ ಜಾಗ ಅದು. ಕೈ ಹಿಂದೆ ತಂದು ಮತ್ತೆ ಹಿಡಿದೆ. ಮತ್ತೆ ಹಾಗೇ. ಒಂದೊಂದು ಟಕ್‌ಗೂ ಒಂದೊಂದು ಹಾರು.

"ಏನೂಂದ್ರೆ, ಇಲ್ಬನ್ನಿ. ಇಲ್ಲಿಂದ ಗಾಳಿ ಊದ್ತಿದೆ."

"ಮೊದ್ಲು ಪೂಜೆ ಮುಗ್ಸು. ಮೆಕ್ಯಾನಿಕ್‌ಗೇ ತಿಳೀದಿದ್ದು ನಿನ್ ಊದುಬತ್ತಿಗೆ ತಿಳೀತಾ?"

"ಕೊಂಚ ಇಳಿದು ನೋಡೋ. ನೋಡಿದ್ರೆ ನಿನ್ ಎಂಜಿನಿಯರ್ ಪಟ್ಟ ಏನೂ ಹೋಗಲ್ಲ," ಎಂದರು ಅತ್ತೆ.

ಯಜಮಾನರು ಇಳಿದು ಬಂದರು. ನಾವು ನೋಡುತ್ತಿದ್ದಂತೆಯೇ ಎಂಜಿನ್ ಬಿಸಿಯಾಗುತ್ತ ಬಂತು, ಸದ್ದು ಇಳಿಯಿತು, ಹೊಗೆಯೂ ನೆಟ್ಟಗಾಯಿತು. ಅವರು ಎಂಜಿನ್ ಆರಿಸಿ ಫೋನಿನ ಹತ್ತಿರ ಹೋದರು.

ಮೆಕ್ಯಾನಿಕ್ ಮೊದಲು ನನ್ನನ್ನೇ ಫೋನಿಗೆ ಕರೆಸಿ ತಮಿಳಿನಲ್ಲಿ ಬೈದರು. "ಪೆಟ್ರೋಲ್ ಪಕ್ಕದಲ್ಲಿ ಬೆಂಕಿ ಹಿಡಿದಿರಾ ಅಮ್ಮಾ? ನಿಮ್ಮ ಪೆರುಮಾಳ್ ನಿಜವಾಗಲೂ ದೊಡ್ಡವನು!" ಆಮೇಲೆ ದನಿ ತಗ್ಗಿಸಿ, ಈವತ್ತು ಸ್ಪ್ಯಾನರುಗಳೆಲ್ಲ ಪೂಜೆಯಲ್ಲಿವೆ, ಮುಟ್ಟುವ ಹಾಗಿಲ್ಲ, ನಾಳೆ ಬೆಳಿಗ್ಗೆ ನಾನೇ ಮನೆಗೆ ಬರುತ್ತೇನೆ, ಅಲ್ಲಿಯವರೆಗೆ ಕಾರು ಮುಟ್ಟಬೇಡಿ, ತಣ್ಣಗಿರಲಿ ಎಂದರು. ನಿಂಬೆಹಣ್ಣುಗಳು ಚಕ್ರದ ಮುಂದೆ ಹಾಗೇ ಉಳಿದವು.

ಮರುದಿನ ಎಂಟಕ್ಕೆ ಬಂದರು. ಸ್ಪ್ಯಾನರಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು. ತಣ್ಣಗಿದ್ದ ಎಂಜಿನ್ನನ್ನು ಒಂದು ನಿಮಿಷ ಓಡಿಸಿ, ಆ ಜಾಗಕ್ಕೆ ಅಂಗೈ ಒಡ್ಡಿ, "ಅಡಡಾ!" ಎಂದರು. ಟಾರ್ಚ್ ಬಿಟ್ಟು ತೋರಿಸಿದರು: ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಪೈಪಿಗೂ ಎಂಜಿನ್ನಿಗೂ ನಡುವಿನ ಪ್ಯಾಕಿಂಗ್ ಸುಟ್ಟುಹೋಗಿತ್ತು, ಎರಡು ನಟ್ ಸಡಿಲವಾಗಿದ್ದವು. ಆ ಸಂದಿನಿಂದ ಹೊಗೆ ನುಗ್ಗುವ ಸದ್ದೇ ಟಕ್ ಟಕ್; ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುತ್ತಿತ್ತಂತೆ. "ಕೀಲ್ಪಾಕ್‌ನಿಂದ ಬರುವಷ್ಟರಲ್ಲಿ ಇದಕ್ಕೆ ಜ್ವರ ಬಿಟ್ಟಿರುತ್ತಿತ್ತು ಅಮ್ಮಾ. ನನ್ನದೇ ತಪ್ಪು, ಒಂದು ದಿನ ಬೆಳಿಗ್ಗೆ ಬಂದು ಕೇಳಬೇಕಿತ್ತು."

ನಮ್ಮ ಮೆಟ್ಟಿಲ ಮೇಲೆಯೇ ಕೂತು ಹೊಸ ಪ್ಯಾಕಿಂಗ್ ಕತ್ತರಿಸಿದರು. ನಟ್ ಬಿಗಿಯುತ್ತಿದ್ದಾಗ ಗುಜರಿಯವನು ಹಗ್ಗ ಹಿಡಿದುಕೊಂಡು ಬಂದ. "ಎಂಜಿನ್ ಹೋಗಿದೆ ಅಂದ್ರಲ್ಲ ಸಾರ್?" ಬಾನೆಟ್ ಒಳಗಿನಿಂದಲೇ ಮೆಕ್ಯಾನಿಕ್, "ಹೋಗಿತ್ತು, ಹಬ್ಬಕ್ಕೆ ವಾಪಸ್ ಬಂತು" ಎಂದರು. ಯಜಮಾನರು ಕೀಲಿ ತಿರುಗಿಸಿದರು. ನಾನು ಸೆರಗು ಹಿಡಿದು ನಿಂತಿದ್ದೆ. ಟಕ್ ಇಲ್ಲ. ಮೆತ್ತಗೆ ಗುರ್ ಎನ್ನುವ ಸದ್ದೊಂದೇ. ಗುಜರಿಯವನಿಗೆ ಕೈತುಂಬ ಹಬ್ಬದ ಕಡಲೆ ಸುಂಡಲ್ ಕೊಟ್ಟು, ತಪ್ಪು ತಿಳಿಯಬೇಡಪ್ಪಾ ಎಂದು ಕಳಿಸಿದೆ.

ದೇವರು ನಮಗೆ ಹೊಸ ಕಾರೇನೂ ಕೊಡಲಿಲ್ಲ. ನನಗೆ ಒಂದು ಗಳಿಗೆ ಊದುಬತ್ತಿ ಮರೆಸಿದ. ಅಷ್ಟನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ಜಗಲಿಗೆ ಬಂದಿದ್ದರು. "ಈವತ್ತು ಶನಿವಾರ ಅಲ್ಲಮ್ಮಾ" ಎಂದರು ಯಜಮಾನರು.

"ಬರಲ್ಲ ಅಂತ ಹೇಳಿ ಬಂದಿದೀನಲ್ಲೋ. ಸುಳ್ಳಾಯ್ತು, ಹೋಗಿ ಹೇಳ್ಬೇಡ್ವಾ?"

ಕೂತರು. ಒಂದು ಕಾಲು, ಆಮೇಲೆ ಇನ್ನೊಂದು. ಬಾಗಿಲು ಹಾಕಿಕೊಂಡೆವು. ಹಿಂದಿನ ದಿನದ ನಿಂಬೆಹಣ್ಣುಗಳು ಪಟಪಟನೆ ಒಡೆದವು. ಗೇಟು ದಾಟುವಾಗ ಅತ್ತೆ ಮುಂದಕ್ಕೆ ಬಾಗಿ ಕಿವಿಗೊಟ್ಟು, "ಏನೋ, ಓಡ್ತಿದ್ಯೇನೋ ಇದು?" ಎಂದು ಮಗನನ್ನು ಕೇಳಿದರು.