ಬಾಸಿಲಿಯಾ ಮೇಡಂ ಕಲಿಸಿದ ಹತ್ತು ಮೀಟರ್

ಬೆಟ್ಟನಾಡಿನ ಗಣಿ ಊರು ಒರುರೋದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ದ್ರವಗಳ ಪಾಠ ಎಂದರೆ ಬಾಸಿಲಿಯಾ ಕೊಂದೋರಿ. ತವರದ ಗಣಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತ ಅಪ್ಪನ ಮಗಳು. ಹಟಕ್ಕೆ ಬಿದ್ದು ಓದಿ ಮೇಲೆ ಬಂದವರು. ಪಾಠ ಶುರುವಾಗುತ್ತಿದ್ದುದೇ ಒಂದು ಪ್ರಶ್ನೆಯಿಂದ: "ಪಂಪು ನೀರನ್ನ ಎಳೆಯುತ್ತಾ?" ಹೌದು ಎಂದವನ ಗ್ರಹಚಾರ ಬಿಡಿಸುತ್ತಿದ್ದರು. "ಎಳೆಯೋಕೆ ನೀರೇನು ಕತ್ತೇನಾ? ಪಂಪು ಪೈಪಿನ ಗಾಳಿ ತೆಗೆಯುತ್ತೆ, ಅಷ್ಟೇ. ಹೊರಗಿನ ಗಾಳಿ ಬಾವಿ ನೀರಿನ ಮೇಲೆ ಕೂತು ಅದುಮುತ್ತೆ, ನೀರು ಪೈಪಿನಲ್ಲಿ ಏರುತ್ತೆ. ಹತ್ತು ಮೀಟರ್ ತನಕ. ಆಮೇಲೆ ದೇವರು ಬಂದ್ರೂ ಏರಲ್ಲ." ಪಕ್ಕದ ಕೋಣೆಯಲ್ಲಿ ಕಟ್ಟಡದ ಪಾಠ ಹೇಳುತ್ತಿದ್ದ ನನಗೂ ಈ ಹತ್ತು ಮೀಟರ್ ಬಾಯಿಪಾಠವಾಗಿತ್ತು. ಅವರೆದುರು ಎರಡನೇ ಮಾತಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರ ಪಟ್ಟಶಿಷ್ಯೆ ನೆಲ್ವಿ ಚೋಕೆ. ಕೊನೆಯ ವರ್ಷದ ಕೆಲಸಕ್ಕೆಂದು ಒರುರೋ ಬಳಿಯ ತನ್ನೂರಿನ ಬಾವಿಕಟ್ಟೆಯ ಮೇಲೆ ಪಂಪು ಕೂರಿಸಲು ಹೊರಟಳು. ನೀರು ಏಳು ಮೀಟರ್ ಕೆಳಗಿತ್ತು; ಹತ್ತರ ಲೆಕ್ಕಕ್ಕೆ ಅದು ಸಲೀಸು. ಅಳತೆ ತೆಗೆಯಲು ತಾನೇ ಬಾವಿಗಿಳಿದಳು. ಹೆಣ್ಣು ಗಣಿಗಿಳಿದರೆ ಅದಿರು ಅಡಗಿಕೊಳ್ಳುತ್ತದೆ ಎನ್ನುವ ಜನ ನಮ್ಮವರು. ಊರು ಗೊಣಗಿತು, ಆದರೆ ನೀರಿನ ಆಸೆಗೆ ಸುಮ್ಮನಾಯಿತು.

ಪಂಪು ಚಾಲೂ ಮಾಡುವ ದಿನ ಮೇಡಂ ಜೊತೆ ನಾನೂ ಹೋಗಿದ್ದೆ. ಊರವರು ಶುಭವಾಗಲೆಂದು ಪಂಪಿನ ಮೇಲೆ ಬಣ್ಣದ ಕಾಗದದ ಚೂರು ಎರಚಿದರು, ಭೂತಾಯಿಗೆ ಮದ್ಯ ಚೆಲ್ಲಿದರು. ಊರ ಮುಖಂಡ ಸಬಿನೋ ಗುಂಡಿ ಒತ್ತಿದ. ಪಂಪು ಗುರ್ರೆಂದಿತು, ಆಮೇಲೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಹನಿ ನೀರಿಲ್ಲ. ಪೈಪಿನ ಗಾಳಿ ಹೋಗಲೆಂದು ಮತ್ತೆ ನೀರು ತುಂಬಿಸಿದೆವು, ಕೀಲುಗಳನ್ನೆಲ್ಲ ಬಿಗಿದೆವು. ಮತ್ತೆ ಅದೇ ರಾಗ, ಅದೇ ಹಾಡು.

ಸಬಿನೋ ನೆಲ್ವಿಯ ಕಡೆ ತಿರುಗಿದ. "ಇಳೀಬೇಡ ಮಗಳೇ ಅಂತ ಬಡ್ಕೊಂಡೆ, ಕೇಳಿದ್ಯಾ? ನೀರು ಅಡಗಿಕೊಂಡ್ತು. ಇನ್ನು ಈ ಊರಿಗೆ ಕಾಲಿಡಬೇಡ."

ನೆಲ್ವಿಯ ಹೆತ್ತ ತಾಯಿಯೇ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಬಾಸಿಲಿಯಾ ಮೇಡಂ ಮಾತ್ರ ಊಟಕ್ಕೆಂದು ಒಲೆಯ ಮೇಲಿಟ್ಟಿದ್ದ ಆಲೂಗಡ್ಡೆಯ ಹಂಡೆಯನ್ನೇ ದಿಟ್ಟಿಸುತ್ತಿದ್ದರು. ಮುಖ ಬಿಳುಚಿಕೊಂಡಿತ್ತು.

"ಇದು ಇಲ್ಲಿ ಯಾಕೆ ಇಷ್ಟು ಹೊತ್ತು ಬೇಯುತ್ತೆ?" ಎಂದು ನನ್ನನ್ನು ಕೇಳಿದರು.

"ಇಷ್ಟೆತ್ತರದಲ್ಲಿ ಗಾಳಿ ತೆಳು ಅಲ್ವಾ ಮೇಡಂ. ನೀರು ಕಾಯೋ ಮುಂಚೆನೇ ಕುದಿದುಬಿಡುತ್ತೆ."

ಹೇಳಿದ್ದೇ ತಡ, ನನಗೂ ಹೊಳೆಯಿತು. ಹತ್ತು ಮೀಟರ್ ಎನ್ನುವುದು ಸಮುದ್ರದಂಡೆಯ ಲೆಕ್ಕ. ನಮ್ಮ ದೇಶಕ್ಕೆ ಸಮುದ್ರವೇ ಇಲ್ಲ. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಮೇಲಿರುವ ಒರುರೋದ ತೆಳು ಗಾಳಿ ನೀರನ್ನು ಹೆಚ್ಚೆಂದರೆ ಆರೂವರೆ ಮೀಟರ್ ತಳ್ಳೀತು. ಅಡುಗೆ ಮಾಡುವವರಿಗೆಲ್ಲ ಗೊತ್ತಿರುವ ಗಾಳಿಯನ್ನು ನಾವು ಕರಿಹಲಗೆಯ ಮುಂದೆ ಮರೆತು ಕೂತಿದ್ದೆವು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಎಷ್ಟು ಊರುಗಳಿಗೆ, ಎಷ್ಟು ಹುಡುಗರನ್ನು ಈ ಲೆಕ್ಕ ಕೊಟ್ಟು ಕಳಿಸಿದ್ದೇವೆಯೋ.

ಮೇಡಂ ಊರವರೆದುರು ನಿಂತರು. "ಹುಡುಗಿಯನ್ನ ಬಿಡಿ. ತಪ್ಪು ನಂದು. ಲೆಕ್ಕ ತಪ್ಪು ಕಲಿಸಿದವಳು ನಾನು. ಪಂಪನ್ನ ಬಾವಿಯೊಳಗೆ ನಾಲ್ಕು ಮೀಟರ್ ಕೆಳಗೆ ಕೂರಿಸಿ. ಗಾಳಿ ಮೂರು ಮೀಟರ್ ಏರಿಸಿದ್ರೆ ಸಾಕು, ಅಲ್ಲಿಂದ ಮೇಲಕ್ಕೆ ಪಂಪೇ ತಳ್ಳುತ್ತೆ. ಆಗಲೂ ನೀರು ಬರದಿದ್ರೆ ನನಗೆ ಉಗೀರಿ."

ಅವರ ಬಾಯಲ್ಲಿ 'ತಪ್ಪು ನಂದು' ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಗಂಡಸರು ಹಲಗೆ ಕಟ್ಟಿ ಪಂಪು ಇಳಿಸಿದರು. ನೀರು ಬಂತು. ಜನ ಕುಣಿದರು, ಸಬಿನೋ ತಲೆತಗ್ಗಿಸಿ ನೆಲ್ವಿಯ ಹೆಗಲು ತಟ್ಟಿದ. ಮೇಡಂ ಅವಳ ಕೈ ಹಿಡಿದು, "ನನ್ನನ್ನ ಕ್ಷಮಿಸು ಮಗಳೇ" ಎಂದರು.

ನೆಲ್ವಿ ನೀರಿನಿಂದ ಕಣ್ಣು ಕೀಳಲಿಲ್ಲ. "ಮೊದಲನೇ ಪರೀಕ್ಷೆಲಿ ನಾನು ಆರೂವರೆ ಅಂತಾನೇ ಬರೆದಿದ್ದೆ ಮೇಡಂ. ನೀವು ಸೊನ್ನೆ ಹಾಕಿದ್ರಿ. ನಾನೇ ದಡ್ಡಿ ಅಂದ್ಕೊಂಡೆ."

ಬಾಸಿಲಿಯಾ ಮೇಡಂ ಹಿಡಿದಿದ್ದ ಕೈ ಬಿಟ್ಟು, ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತರು.