ಹಸಿ ಅಂಟಿನ ಗಾಲಿ

ಮೊನ್ನೆ ತಿಕೋಟಾದ ನಮ್ಮ ಸಾಲ್ಯಾಗ ರೇಸ್ ಸೈಕಲ್ ಗಾಲಿಗೆ ಟೈರ್ ಅಂಟಸಾಕ ಕುಂತಿದ್ದೆ. ಸೊಲ್ಯೂಷನ್ ಡಬ್ಬಿ ತೆರದಕೂಡ್ಲೇ ಆ ಘಾಟು ಮೂಗಿಗೆ ಬಡೀತು, ಎಡಗಡೆ ಹೆಗಲ ಎಲಬು ಚುಳ್ ಅಂತು... ಕಾಲೇಜಿನಾಗ ನಮಗ ಸೈಕಲ್ ರೇಸ್ ಕಲಸ್ತಿದ್ದ ಆಟದ ಮೇಡಂ ನೆನಪಾದ್ರು. ಅವರ ಹೆಸರು ಹೇಳೂದಿಲ್ಲ. ಹೇಳಿದ್ರ ದಿನಪೂರ್ತಿ ಬಾಯಿ ಕಹಿ ಇರತೈತಿ.

ನಾ ಕಲತ ಯೂನಿವರ್ಸಿಟಿಯವರು ಸ್ಮರಣ ಸಂಚಿಕಿ ತರಾಕತ್ತಾರಂತ. "ಯೂನಿವರ್ಸಿಟಿ ಇತಿಹಾಸ, ಸೌಲಭ್ಯ ಬರೀರಿ. ಹಂಗ, ತೀರಿಹೋದ ಆಟದ ಮೇಡಂ ಬಗ್ಗೆ ನಾಕ ಚೊಲೊ ಮಾತು ಇರಲಿ" ಅಂತ ಫೋನ್ ಮಾಡಿದ್ರು. ಚೊಲೊ ಮಾತಂತ! ಸತ್ತವರನ್ನ ಬೈಬಾರದು ಅಂತಾರ. ಇದ್ದಾಗ ಬೈಯಾಕ ಯಾರ ಬಿಟ್ಟಿದ್ರು?

ಇತಿಹಾಸ ಬೇಕಲ್ಲ, ತಗೋರಿ. ನಾ ಸೇರಿದಾಗ ಯೂನಿವರ್ಸಿಟಿ ವಿಜಯಪುರದ ಬಾಡಿಗಿ ಕಟ್ಟಡದಾಗಿತ್ತು. ಕಿಟಕಿ ತೆರದ್ರ ಟಾಂಗಾದ ಕುದುರಿ ಲದ್ದಿ ವಾಸನಿ. ಆಮ್ಯಾಲೆ ಊರ ಹೊರಗ ಬರೇ ಕಲ್ಲಿದ್ದ ಬಯಲಿಗೆ ಹೋತು. ಹಾಸ್ಟೆಲ್ ಆತು, ದೊಡ್ಡ ಗ್ರಂಥಾಲಯ ಆತು, ಜಿಮ್ ಆತು. ಜಿಮ್ ಬಾಜೂಕ ಸೈಕಲ್ ಖೋಲಿ. ನಮ್ಮ ಕಡೆ ಮಂದಿಗೆ ಸೈಕಲ್ ರೇಸ್ ಅಂದ್ರ ಜೀವ. ಜೈನಾಪುರದ ಒಕ್ಕಲುತನದ ಮನಿಯಾಕಿ ನಾನು, ಆ ಖೋಲಿ ಸಲುವಾಗೇ ಅಲ್ಲಿಗೆ ಸೇರಿದ್ದೆ. ಅದರ ಕೀಲಿ ಮೇಡಂ ಕೊರಳಾಗ ಸೀಟಿ ಜೋಡಿ ತೂಗತಿತ್ತು.

ದೇಶದ ದೊಡ್ಡ ರೇಸಿಗೆ ಯೂನಿವರ್ಸಿಟಿಯಿಂದ ಒಬ್ಬಾಕಿನ್ನ ಆರಿಸೂದಿತ್ತು. ಇದ್ದವರು ಇಬ್ಬರು: ನಾನು, ಮೇಡಂ ಅಕ್ಕನ ಮಗಳು. ದಿನಾ ನಾನೇ ಮುಂದ ಬರ್ತಿದ್ದೆ. ಆಯ್ಕಿ ದಿನ ಮುಂಜಾನೆ ನನ್ನ ಮುಂದಿನ ಗಾಲಿ ಪಂಕ್ಚರ್ ಆತು. ರೇಸಿನ ಟೈರು ಬರೇ ಅಂಟಿನ ಮ್ಯಾಲೆ ನಿಂತಿರತೈತಿ, ಅಂಟಿಸಿ ಒಂದ ರಾತ್ರಿ ಒಣಗಾಕ ಬಿಡಬೇಕು. ಮೊದಲ ಅಂಟಿಸಿ ಒಣಗಿಸಿಟ್ಟಿದ್ದ ಇನ್ನೊಂದು ಜಾದಾ ಗಾಲಿ ಖೋಲಿ ಗ್ವಾಡಿಗೆ ತೂಗಾಕತ್ತಿತ್ತು.

"ಅದು ನಮ್ಮ ಹುಡುಗಿಗೆ ಬೇಕಾದೀತು" ಅಂತ ಮೇಡಂ ಮುಟ್ಟಗೊಡಲಿಲ್ಲ. ತಾವ ಕುಂತು ನನ್ನ ಗಾಲಿಗೆ ಹೊಸಾ ಟೈರ್ ಅಂಟಿಸಿದ್ರು.

"ಮೇಡಂ, ಇನ್ನಾ ಹಸಿ ಐತ್ರಿ."

"ಒಣಗೇತಿ, ನಡಿ. ನನಗ ಕಲಸಾಕ ಬರಬ್ಯಾಡ."

ಬಬಲೇಶ್ವರ ರಸ್ತೆ ತಿರುವಿನಾಗ ಟೈರ್ ಕಳಚಿ ಬಿತ್ತು, ನಾನೂ ಬಿದ್ದೆ. ಕುಂಬಾರಗ ವರುಷ, ದೊಣ್ಣೆಗೆ ನಿಮಿಷ. ಹಿಂದಿಂದ ಜೀಪಿನಾಗ ಬಂದ ಮೇಡಂ ಇಳದು ಮೊದಲ ಹಿಡದದ್ದು ನನ್ನನ್ನಲ್ಲ, ಗಾಲಿನ್ನ. ಹಸಿ ಅಂಟು ಕರ್ಚೀಫಿನಿಂದ ವರಸಿದ್ರು! ರಸ್ತೆದಾಗ ಬಿದ್ದು ನಾ ನೋಡಾಕತ್ತಿದ್ದೆ. "ಕಲ್ಲಿಗೆ ಬಡದ್ಲು" ಅಂತ ಎಲ್ಲಾರಿಗೂ ಹೇಳಿದ್ರು. ಅಕ್ಕನ ಮಗಳು ದೊಡ್ಡ ರೇಸಿಗೆ ಹೋದ್ಲು. ನನ್ನ ಹೆಗಲ ಎಲಬು ಸೊಟ್ಟ ಕೂಡಿತು, ಮತ್ತ ನಾ ರೇಸ್ ಹೊಡೀಲಿಲ್ಲ.

ತಿಕೋಟಾ ಸಾಲ್ಯಾಗ ಆಟ ಕಲಿಸೂ ಅಕ್ಕೋರು ಆದೆ. ಮಕ್ಕಳ ಮ್ಯಾಲಿನ ಪ್ರೀತಿಗೆ ಸೈಕಲ್ ಕಲಿಸಿದೆ ಅಂದ್ರ ಶುದ್ಧ ಸುಳ್ಳ. ಸೇಡಿಗೆ ಕಲಿಸಿದೆ. ಪ್ರತಿ ವರ್ಷ ಸಾಲಿ, ಕಾಲೇಜಿನವರು ಎಲ್ಲಾರೂ ಕೂಡಿ ಹೊಡಿಯೂ ವಿಜಯಪುರದ ರೇಸಿನಾಗ ನನ್ನ ಹುಡುಗೇರು ಮೇಡಂ ತಯಾರ ಮಾಡಿದವರನ್ನ ಹಿಂದ ಹಾಕ್ತಿದ್ರು. ಮೇಡಂ ಗೆಲುವಿನ ಗೆರಿ ಆಕಡೆ ನಿಂತಿರ್ತಿದ್ರು. ಅವರ ಮಾರಿ ಸಣ್ಣಾಗೂದು ನೋಡೂದ ನನಗ ಹಬ್ಬ.

ಒಮ್ಮೆ ಮೇಡಂ ನನ್ನ ಸನೇಕ ಬಂದು, ನಮ್ಮ ಟೈರ್ ಹೆಬ್ಬಟ್ಟಿಲೆ ಒತ್ತಿ ನೋಡಿ, "ಚೊಲೊ ಅಂಟಿಸೀದಿ. ಯಾರ ಕಲಿಸಿದ್ರು?" ಅಂದ್ರು.

"ನೀವ ರೀ, ಮೇಡಂ. ನಾ ಬಿದ್ದ ದಿನ."

ತುಟಿ ಅಲಗಿದ್ವು... "ತಪ್ಪಾತು" ಅಂತಾರೇನೋ ಅಂತ ಕಾದೆ. ಹೊಳ್ಳಿ ಹೋದ್ರು. ಅವತ್ತ ಮನ್ಯಾಗ ಹೋಳಿಗಿ ಮಾಡಿಸಿದೆ, ಆದ್ರ ಆ ಒಂದ ಮಾತು ಬರೂತನಕ ಅವರನ್ನ ಬಿಡಬಾರದಂತ ಪಣಾನೂ ತೊಟ್ಟೆ.

ಬಿಟ್ಟು ಹೋದ್ರಲ್ಲ! ಈ ಸಲ ಬ್ಯಾಸಿಗ್ಯಾಗ ತೀರಿಕೊಂಡ್ರು. ಮಣ್ಣಿಗೆ ನಾ ಹೋಗಲಿಲ್ಲ. ಅಳು ಬರಲಿಲ್ಲ, ಸಿಟ್ಟ ಬಂತು. ಸಾಯೂದಂದ್ರ ಪಾರಾಗೂದೇನು? ಇನ್ನ ಆ ಮಾತು ಯಾರ ಬಾಯಿಂದ ಕೇಳಲಿ?

ಹೋದ ಐತವಾರ ರೇಸಿನಾಗ ಕಳ್ಳಕವಟಗಿ ಊರಿನ ನನ್ನ ಹುಡುಗಿ ಮೊದಲ ಬಂದ್ಲು. ಮಂದಿ ಕೇಕಿ ಹೊಡದ್ರು. ನಾ ಗೆರಿ ಆಕಡೆ ನೋಡಕೋತ ನಿಂತಿದ್ದೆ. ಮೇಡಂ ನಿಲ್ಲೂ ಜಾಗಾದಾಗ ಯಾರೂ ಇರಲಿಲ್ಲ. ಹುಡುಗಿ ಓಡಿಬಂದು ನನ್ನ ತೋಳ ಜಗ್ಗಿದ್ಲು.

"ಅಕ್ಕೋರ, ಗೆದ್ದೀನ್ರಿ! ನೋಡಿದ್ರಿಲ್ಲೋ?"

"ನೋಡೀನವ್ವಾ" ಅಂದೆ.

ನೋಡಿರಲಿಲ್ಲ. ಮೇಡಂ ಮಾರಿ ನೋಡಕೋತ ನಿಂತು, ಇಷ್ಟ ವರ್ಷದಾಗ ನನ್ನ ಹುಡುಗೇರು ಒಬ್ಬರೂ ಗೆರಿ ದಾಟೂದು ನಾ ನೋಡಿಲ್ಲ. ಅದನ್ನೂ ಆ ಮೇಡಂ ಕಸಗೊಂಡ ಹೋದ್ರು.