ಮುರಿದ ಫೋನಿನಿಂದ ಬಂದ ಸಾಲು

ದೆವ್ವ ಕಂಡೆ ಎನ್ನುವವರಿಗೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಬೇರೆ ಯಾರು ನೋಡಿದರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಈ ಪ್ರಶ್ನೆಗೆ ಮುಗ್ಗರಿಸದವರನ್ನು ಕಂಡಿರಲಿಲ್ಲ. ಈಗ ಹೇಳಹೊರಟಿರುವುದನ್ನು ನನ್ನ ಜೊತೆ ಇನ್ನೊಬ್ಬಳು ನೋಡಿದ್ದಾಳೆ. ಆದರೂ ನೀವು ನಂಬಲೇಬೇಕೆಂದು ವಾದಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಕಂಪನಿಯೊಂದರಲ್ಲಿ ನಾನೂ ಮಂಜನೂ ಒಂದು ಮೊಬೈಲ್ ಆ್ಯಪ್‌ಗೆ ಕೆಲಸ ಮಾಡುತ್ತಿದ್ದೆವು. ಜನ ಅದನ್ನು ಯಾವಾಗ ತೆರೆಯುತ್ತಾರೆ, ಯಾವಾಗ ಮುಚ್ಚುತ್ತಾರೆ ಎಂಬುದನ್ನು ಡೇಟಾಬೇಸಿನಲ್ಲಿ ಸೇರಿಸಿಡುವುದು ನಮ್ಮ ಪಾಲಿನ ಕೆಲಸ. ತೆರೆದರೆ ಒಂದು ಸಾಲು, ಮುಚ್ಚಿದರೆ ಒಂದು ಸಾಲು. ನೆಟ್‌ವರ್ಕ್ ಇಲ್ಲದಿದ್ದರೆ ಸಾಲುಗಳು ಫೋನಿನಲ್ಲೇ ಕಾದಿದ್ದು, ಸಿಕ್ಕಾಗ ನಮ್ಮ ಸರ್ವರ್‌ಗೆ ಬರುತ್ತಿದ್ದವು. "ಗುರು, ನಿನ್ ಬಾಯಿಗೂ ಇಂಥದ್ದೊಂದು ಬೇಕಿತ್ತು ಕಣೋ. ಒಳಗಿಟ್ಕೊಂಡು ನಿಧಾನಕ್ಕೆ ಬಿಡೋದು" ಎಂದು ಮಂಜ ರೇಗಿಸುತ್ತಿದ್ದ.

ಒಂದು ಸಂಜೆ ಬೈಕಿನಲ್ಲಿ ಮನೆಗೆ ಹೊರಟ ಮಂಜ ಲಾರಿಗೆ ಸಿಕ್ಕಿ ತೀರಿಕೊಂಡ. ಅವನ ಫೋನಿನಿಂದ ಬಂದ ಕೊನೆಯ ಸಾಲು, ಹೊರಡುವ ಹೊತ್ತಿಗೆ ಆ್ಯಪ್ ತೆರೆದದ್ದು. ಮುಚ್ಚಿದ ಸಾಲು ಇರಲಿಲ್ಲ. ಅದನ್ನು ನೋಡಿದ ಮ್ಯಾನೇಜರ್, ಗಾಡಿ ಓಡಿಸುತ್ತಲೇ ಫೋನ್ ನೋಡುತ್ತಿದ್ದಿರಬೇಕು ಎಂದು ಅವನ ತಂದೆಗೆ ಹೇಳಿಬಿಟ್ಟರು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ಮಗನನ್ನು ಓದಿಸಿದ್ದ ಆ ಮನುಷ್ಯ, ತನ್ನ ತಪ್ಪಿನಿಂದಲೇ ಸತ್ತನೆಂದು ಸಿಟ್ಟಾಗಿ, ಅಂದಿನಿಂದ ಮಗನ ಹೆಸರೆತ್ತುವುದನ್ನೇ ಬಿಟ್ಟರು.

ಮಂಜನ ತಂಗಿ ರೇಖಾಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಆಫೀಸಿಗೆ ಬಂದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಅಣ್ಣನ ಫೋನ್. ಒಳಗಿನ ಬೋರ್ಡೇ ಎರಡು ತುಂಡಾಗಿತ್ತು. ಬ್ಯಾಟರಿ ಬೇರೆಯಾಗಿ ಬಿದ್ದಿತ್ತು.

"ಮುಚ್ಚಿದ್ ಸಾಲು ಇದ್ರೊಳಗೇ ಉಳ್ಕೊಂಡಿರ್ಬೋದಲ್ವಾ ಅಣ್ಣ?"

ಇರಬಹುದು, ಆದರೆ ಇನ್ನು ಹೊರಗೆ ಬರುವುದಿಲ್ಲ ಎಂದು ಹೇಳಿ, ಅವನ ಸಾಲುಗಳನ್ನು ಪರದೆಗೆ ತಂದು ತೋರಿಸಿದೆ.

"ಇನ್ನೊಂದ್ಸಲ ನೋಡಿ."

ಅವಳ ಸಮಾಧಾನಕ್ಕೆಂದು ಮತ್ತೆ ಪರದೆಗೆ ತರಿಸಿದೆ. ಕೆಳಗೆ ಹೊಸ ಸಾಲಿತ್ತು. ಮಂಜನ ಫೋನು. ಆ್ಯಪ್ ಮುಚ್ಚಿದೆ. ಮುಚ್ಚಿದ್ದು ತೆರೆದ ಕೂಡಲೇ, ಅವನು ಆಫೀಸಿನ ಗೇಟು ದಾಟುವ ಮೊದಲೇ. ಆದರೆ ಸಾಲು ಸರ್ವರ್‌ಗೆ ಬಂದು ಸೇರಿದ ಸಮಯ ಆ ಕ್ಷಣದ್ದು. ಫೋನು ಮೇಜಿನ ಮೇಲೆ, ಕವರಿನಲ್ಲೇ ಇತ್ತು.

ರೇಖಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ನಾನು ಕಾರಣ ಹುಡುಕತೊಡಗಿದೆ. ಸರ್ವರಿನಲ್ಲೇ ಎಲ್ಲೋ ತಡೆದು ನಿಂತಿತ್ತೆ? ಹಾಗಿದ್ದರೆ ಬಂದ ಸಮಯ ಹಳೆಯದಿರಬೇಕಿತ್ತು. ಯಾರಾದರೂ ಕೈಯಾರೆ ಸೇರಿಸಿರಬಹುದೆ? ಅಲ್ಲಿ ಬರೆಯುವ ಅಧಿಕಾರವಿದ್ದದ್ದು ಇಬ್ಬರಿಗೆ. ಒಬ್ಬ ನಾನು, ಇನ್ನೊಬ್ಬ ಮಂಜ.

ಆ ಸಾಲನ್ನು ಪ್ರಿಂಟ್ ತೆಗೆದುಕೊಂಡು ಅಂದೇ ರಾಜಗೋಪಾಲನಗರದ ಅವರ ಮನೆಗೆ ಹೋದೆವು. ಮಂಜನ ತಂದೆ ಕನ್ನಡಕ ಹಾಕಿಕೊಂಡು ಓದಿದರು.

"ಫೋನು ಆನ್ ಆಗಿತ್ತಾ?"

"ಇಲ್ಲ ಅಂಕಲ್."

"ಮತ್ತೆ ಹೆಂಗ್ ಬಂತು?"

"ಗೊತ್ತಿಲ್ಲ."

"ಇದ್ನ ಯಾರ್ ಬೇಕಾದ್ರೂ ಕಂಪ್ಯೂಟರ್‌ಗೆ ಹಾಕ್ಬೋದಾ?"

"ಯಾರ್ ಬೇಕಾದ್ರೂ ಅಲ್ಲ. ನಾನು ಹಾಕ್ಬೋದು."

ಅವರು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಒಳ್ಳೇ ಸ್ನೇಹಿತ ಕಣಪ್ಪ ನೀನು. ಕಾಫಿ ಕುಡ್ಕೊಂಡ್ ಹೋಗು."

"ನಾನೂ ನೋಡ್ದೆ ಅಪ್ಪ" ಎಂದಳು ರೇಖಾ. ಅವರು ಅವಳ ತಲೆ ಸವರಿದರು, ಅಷ್ಟೇ.

ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಆ ಸಾಲು ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿಯದು. ಆ ತಂದೆ ಮಗನ ಮೇಲಿನ ಸಿಟ್ಟಿನಲ್ಲೇ ತೀರಿಕೊಂಡರು.